ಜುಲೈ ನಾಲ್ಕರ ಉಪವಾಸ

ನಮ್ಮ ವಾರಗಿತ್ತಿ ಫ್ರೂಮಾ ಒಂದು ಸಲ ಮಾಡ್ತೀನಿ ಅಂದ್ಲು ಅಂದ್ರೆ, ಇಡೀ ಕ್ಲೀವ್‌ಲ್ಯಾಂಡ್ ಅಡ್ಡ ಬಂದ್ರೂ ನಿಲ್ಲೋಳಲ್ಲ. ಆ ವರ್ಷ ಚಳಿಗಾಲದಲ್ಲಿ ಅವಳ ಗಂಡ ಹೆಷೆಲ್ ಜಾರಿ ಬಿದ್ದು ಕಾಲು ಮುರ್ಕೊಂಡಿದ್ದ. ಪಕ್ಕದ್ಮನೆ ಲೊರೇನ್ ಇದ್ದಾಳಲ್ಲ, ಪಾಪ, ಚರ್ಚಿನ ಕಡೆಯೋಳು, ಆರು ವಾರ ಇವರ ಬಾಗಿಲ ಮುಂದಿನ ಹಿಮ ಬಾಚಿದ್ಲು. ಒಂದು ದಿನ ತಪ್ಪಿಸ್ಲಿಲ್ಲ.

ಅದಕ್ಕೆ ಫ್ರೂಮಾ ಶಪಥ ಮಾಡಿದ್ಲು. "ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯದ ದಿನ, ಅವರ ಮನೆಯವರಿಗೆಲ್ಲ ನಮ್ಮ ಹಿತ್ತಲಲ್ಲೇ ಊಟ. ತಿಂದೋರು ಎದ್ದು ನಿಲ್ಲಬಾರ್ದು, ಹಾಗೆ ಬಡಿಸ್ತೀನಿ. ಥ್ಯಾಂಕ್ಸ್ ಅಂದ್ರೆ ಏನು ಅಂತ ತೋರಿಸ್ತೀನಿ."

ಆ ದಿನ ಬೆಳಿಗ್ಗೆ ಹೆಷೆಲ್ ಕಾಫಿ ಮುಟ್ಟಲೇ ಇಲ್ಲ.

"ಏನ್ರೀ, ಆರಿ ಹೋಗ್ತಾ ಇದೆ."

"ಇವತ್ತು ಕುಡಿಯಂಗಿಲ್ವಲ್ಲೇ. ತಮ್ಮೂಸ್ ಹದಿನೇಳು."

ನಮ್ಮ ಯಹೂದಿ ಪಂಚಾಂಗದಲ್ಲಿ ಅದು ಶತ್ರುಗಳು ಜೆರೂಸಲೇಮಿನ ಕೋಟೆ ಗೋಡೆ ಒಡೆದ ದಿನ. ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣೋವರೆಗೂ ನಮಗೆ ಉಪವಾಸ, ತೊಟ್ಟು ನೀರೂ ಇಲ್ಲ. ಫ್ರೂಮಾ ನೋಡಿದ್ದು ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರು. ಅದರಲ್ಲಿ ಬರೀ ಬಾವುಟ ಇತ್ತು.

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ನೀನು ಬಿಟ್ಟಿದ್ದು ಯಾವಾಗ? ಒಂದು ವಾರದಿಂದ ಮಾತಿನ ಮಧ್ಯೆ ಉಸಿರೇ ತಗೊಂಡಿಲ್ಲ."

ಕರೆದೋರನ್ನ ಬರಬೇಡಿ ಅನ್ನೋಕಾಗುತ್ತಾ? ಹಿಮ ಬಾಚೋಳು ಇವತ್ತಾಗಲ್ಲ ಅಂದಿದ್ಲಾ? ಫ್ರೂಮಾ ಬಾಯಿ ಬಿಗಿದುಕೊಂಡು ಅಡುಗೆಗೆ ನಿಂತಳು. ಆಲೂಗಡ್ಡೆ ಸಲಾಡಿಗೆ ಉಪ್ಪು ಹಾಕಿ ಬಾಗಿಲಿಗೆ ಹೋದ್ಲು. ಅವಳು ಹಾಕಿದ್ದು ಗೊತ್ತಿಲ್ದೆ, ಹೆಂಡ್ತಿಗೆ ಸಹಾಯ ಆಗ್ಲಿ ಅಂತ ಹೆಷೆಲ್ಲೂ ಹಾಕಿದ. ರುಚಿ ನೋಡೋಕೆ ಇಬ್ಬರಿಗೂ ಆಗಂಗಿಲ್ಲ.

ಒಂದು ಗಂಟೆಗೆ ಲೊರೇನ್, ಅವಳ ಗಂಡ, ಮಕ್ಕಳು ಮೊಮ್ಮಕ್ಕಳು, ಎಂಟು ಜನ ಬಂದು ಕೂತ್ರು.

"ಫ್ರೂಮಾ, ನಿನ್ನ ತಟ್ಟೆ ಎಲ್ಲಿ?"

"ಅಯ್ಯೋ, ರುಚಿ ನೋಡಿ ನೋಡಿನೇ ಹೊಟ್ಟೆ ತುಂಬೋಯ್ತು ಕಣೇ."

ಲೊರೇನ್ ಒಂದು ಚಮಚ ಸಲಾಡು ಬಾಯಿಗಿಟ್ಲು. ದವಡೆ ನಿಂತೋಯ್ತು. ಹೇಗೋ ನುಂಗಿ, ಒಂದು ಲೋಟ ಶರಬತ್ತು ಒಂದೇ ಉಸಿರಿಗೆ ಕುಡಿದ್ಲು.

"ನೀನು ಇದರ ರುಚಿ ನೋಡೇ ಇಲ್ಲ."

ಫ್ರೂಮಾ ಎಲ್ಲಾ ಒಪ್ಕೊಂಡ್ಲು. ಕಣ್ಣಲ್ಲಿ ನೀರು. "ನೀವು ತಿನ್ನಿ, ನಿಮಗೆ ಕೈ ಮುಗೀತೀನಿ."

"ಮನೆಯೋಳು ಹಸ್ಕೊಂಡಿದ್ರೆ ನನ್ನ ಗಂಟಲಲ್ಲಿ ಇಳಿಯಲ್ಲ. ಈ ಸಲಾಡಂತೂ ಹೇಗಿದ್ರೂ ಇಳಿಯಲ್ಲ."

ಚಿಕ್ಕ ಮಕ್ಕಳಿಗಷ್ಟೇ ತಿನ್ನಿಸಿ, ದೊಡ್ಡೋರೆಲ್ಲ ತಟ್ಟೆ ಕೆಳಗಿಟ್ರು. ಲೊರೇನ್, ಫ್ರೂಮಾಳ ಅಡುಗೆಮನೇಲೇ ಕೂತು ಒಂದು ಚೀಲ ಆಲೂಗಡ್ಡೆ ಸುಲಿದು, ಬೇಯಿಸಿ, ಆ ಉಪ್ಪಿನ ಗುಡ್ಡಕ್ಕೆ ಬೆರೆಸಿದ್ಲು. ಕತ್ತಲಾಗ್ತಿದ್ದಂಗೆ ಹೆಷೆಲ್ ಆಕಾಶ ನೋಡ್ತಾ ನಿಂತ. "ಒಂದು... ಎರಡು..."

"ಅದು ರಾಕೆಟ್ಟು ಹೆಷೆಲ್, ಲೆಕ್ಕಕ್ಕಿಲ್ಲ," ಅಂದ ಲೊರೇನ್ ಗಂಡ. ಊರೆಲ್ಲಾ ಪಟಾಕಿ, ಮೂರು ನಕ್ಷತ್ರ ಹುಡುಕೋಕೆ ಹತ್ತು ಜನವೂ ಕತ್ತೆತ್ತಿಕೊಂಡು ನಿಂತಿದ್ರು.

ಕೊನೆಗೆ ಸಿಕ್ತು. ಫ್ರೂಮಾ ಪ್ರಾರ್ಥನೆ ಹೇಳಿ ಒಂದು ತುತ್ತು ತಿಂದು ಎದ್ದಳು. "ಲೊರೇನ್, ನಿಮ್ಮನ್ನ ಕರೆದಿದ್ದು ಯಾಕೆ ಅಂದ್ರೆ, ಆ ಚಳಿಗಾಲದಲ್ಲಿ ನೀನು..."

ಲೊರೇನ್ ಅವಳ ಬಾಯಿಗೆ ಒಂದು ಇಡೀ ಸಾಸೇಜು ತುರುಕಿದ್ಲು. "ಮೊದ್ಲು ತಿನ್ನು."

ಫ್ರೂಮಾ ಮಾತೇ ಆಡದೆ ಅಗಿಯೋಕೆ ಶುರು ಮಾಡಿದ್ಲು. ಹೆಷೆಲ್ ಎದ್ದು ನಿಂತು ಎದೆ ಮೇಲೆ ಕೈಯಿಟ್ಟ.

"ಲೊರೇನ್, ಹಿಮಕ್ಕೆ ಥ್ಯಾಂಕ್ಸು ಇವಳೇ ಹೇಳ್ತಾಳೆ, ಅಗಿದು ಮುಗಿಸ್ಲಿ. ಈಗ ಮಾಡಿದ್ಯಲ್ಲ ತಾಯಿ, ಇದಕ್ಕೆ ಥ್ಯಾಂಕ್ಸು ನಂದು."