ಕಾರು ಒರೆಸಲೊಂದು ಪರವಾನಗಿ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಊರ ಉಸಾಬರಿ. ಇವು ಯಾವುವೂ ನನಗಿಲ್ಲವೆಂದು ನನ್ನ ಹೆಂಡತಿಯ ತವರಿನವರು ಮದುವೆಗೆ ಮೊದಲೇ ನಾಲ್ಕು ಕಡೆ ವಿಚಾರಿಸಿ ಸಮಾಧಾನಪಟ್ಟಿದ್ದರು. ಆದರೆ ಅವರು ವಿಚಾರಿಸದೇ ಬಿಟ್ಟ ಚಟ ಒಂದಿತ್ತು. ಧೂಳು ಮೆತ್ತಿದ ಕಾರು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಗೆ ಹೋದರೆ ಎಲ್ಲರೂ ಹೆಣ್ಣು ಗಂಡು ನೋಡುತ್ತಾರೆ, ನಾನು ಛತ್ರದ ಮುಂದೆ ನಿಂತ ಕಾರುಗಳನ್ನು ನೋಡುತ್ತೇನೆ. ಒಮ್ಮೆ ತಳಕು ಊರಿನ ಮದುವೆಯೊಂದರಲ್ಲಿ ಹೀಗೇ ಒಂದು ಬಿಳಿ ಕಾರಿನ ಬಾನೆಟ್ಟಿನ ಮೇಲೆ ಕಾಗೆ ಹಿಕ್ಕೆ ಒಣಗಿದ್ದು ಸಹಿಸಲಾಗದೆ, ಕರ್ಚೀಫು ಒದ್ದೆ ಮಾಡಿ ಒರೆಸುತ್ತಿದ್ದೆ. ಕಾರಿನ ಯಜಮಾನರು ಬಂದವರು ನನ್ನನ್ನು ಬೀಗರ ಕಡೆಯ ಡ್ರೈವರೆಂದು ತಿಳಿದು, 'ಊಟ ಆತೇನಪ್ಪಾ?' ಎಂದು ಕೇಳಿ, ಕೈಹಿಡಿದು ಕರೆದೊಯ್ದು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಎರಡೆರಡು ಸಲ ಪಾಯಸ ಹಾಕಿಸಿದರು. ನಾನೂ ಅವರನ್ನು ತಿದ್ದಲು ಹೋಗಲಿಲ್ಲ.

ನನ್ನ ಹೆಸರು ತಿಪ್ಪೇಸ್ವಾಮಿ. ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ನಿಂತು ಈ ಹೆಸರು ಕೂಗಿದರೆ ಕನಿಷ್ಠ ಆರು ಜನ ತಿರುಗಿ ನೋಡುತ್ತಾರೆ, ಆದ್ದರಿಂದ ಹೆಸರಿನಿಂದ ನನ್ನನ್ನು ಗುರುತಿಸುವುದು ಕಷ್ಟ. ವಾರದ ಆರು ದಿನ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆಗಳನ್ನು ತೂಕ ಹಾಕಿಸುತ್ತೇನೆ. ಭಾನುವಾರ ನಮ್ಮ ಮನೆಯ ಮುಂದಿನ ಹೊಂಗೆಮರದ ನೆರಳಿನಲ್ಲಿ ಕಾರು ಒರೆಸುತ್ತೇನೆ. ಮೊದಲು ನಮ್ಮದೇ ಹಳೆಯ ಕಾರು, ಆಮೇಲೆ ಎದುರು ಮನೆಯವರದು, ಆಮೇಲೆ ಅವರ ಬೀಗರದು. ಹೀಗೆ ಬೆಳೆದು ಈಗ ಕುದಾಪುರದ ಕಡೆ ಬೇಲಿಯೊಳಗಿರುವ ಸರ್ಕಾರಿ ಸಂಶೋಧನಾ ಕೇಂದ್ರಗಳ ಸೈಂಟಿಸ್ಟುಗಳ ಕಾರುಗಳೂ ಬರುತ್ತವೆ. ಚಕ್ರಕ್ಕೆ ಮೆತ್ತಿದ ಮಣ್ಣು ನೋಡಿಯೇ ಕಾರು ಎಲ್ಲಿಂದ ಬಂತೆಂದು ನಾನು ಹೇಳಬಲ್ಲೆ. ಜಿಗುಟು ಎರೆಮಣ್ಣಾದರೆ ಹಿರಿಯೂರು ಕಡೆ, ಕೆಂಪುಮಣ್ಣಿನಲ್ಲಿ ಗರಗರ ಕಲ್ಲುಪುಡಿ ಬೆರೆತಿದ್ದರೆ ಮೊಳಕಾಲ್ಮುರು ಕಡೆ, ವೈಪರಿನ ಸಂದಿಯಲ್ಲಿ ಒಣಹುಲ್ಲು ಸಿಕ್ಕಿಕೊಂಡಿದ್ದರೆ ಉಳ್ಳಾರ್ತಿ ಕಾವಲ್ ಹುಲ್ಲುಗಾವಲಿನ ಕಡೆ. ಈ ವಿದ್ಯೆಗೆ ಮಿಲ್ಲಿನಲ್ಲಿ ಯಾರೂ ಬೆಲೆ ಕೊಟ್ಟವರಲ್ಲ. ಮೊದಮೊದಲು ಪುಕ್ಕಟೆ ಮಾಡುತ್ತಿದ್ದೆ, ಆಮೇಲೆ ಜನ ತಾವಾಗಿಯೇ ಜೇಬಿಗೆ ಏನಾದರೂ ತುರುಕಿ ಹೋಗತೊಡಗಿದರು. ಇದಕ್ಕೆ ಪೇಟೆಗಳಲ್ಲಿ 'ಕಾರ್ ಡೀಟೇಲಿಂಗ್' ಎನ್ನುತ್ತಾರೆಂದು ಮೊಬೈಲಿನಲ್ಲಿ ನೋಡಿದ ದಿನ ನನ್ನ ಎದೆ ಎರಡು ಅಂಗುಲ ಉಬ್ಬಿತು. ಅಲ್ಲಿಯವರೆಗೆ ನಾನು ಬರೀ ಒರೆಸುತ್ತಿದ್ದೆ.

ಇಲ್ಲಿ ನನ್ನ ಹೆಂಡತಿ ಪದ್ಮಳ ವಿಷಯ ಹೇಳಬೇಕು. ಅವಳು ಮೊಳಕಾಲ್ಮುರಿನವಳು, ರೇಷ್ಮೆ ಸೀರೆ ನೇಯುವವರ ಮಗಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಕೋಪ ಬಂದರೆ ತೆಲುಗು. ಮದುವೆಯಾಗಿ ಇಪ್ಪತ್ತು ವರ್ಷವಾದ್ದರಿಂದ ನನಗೂ ತೆಲುಗು ಸಾಕಷ್ಟು ಬರುತ್ತದೆ, ಆದರೆ ಬೈಗುಳದ ಭಾಗ ಮಾತ್ರ. ಕಾರಿನ ಹೊರಗೆ ನಾನು ಹೊಳಪು ಕೊಡುತ್ತಿದ್ದರೆ ಅವಳು ಒಳಗೆ ಕೂತು ಸೀಟು, ಬಾಗಿಲಿನ ಬಟ್ಟೆ, ಕಾಲಡಿಯ ಮ್ಯಾಟು ನೋಡಿಕೊಳ್ಳುತ್ತಿದ್ದಳು. ಸೀಟಿನ ಮೇಲೆ ಸಾರು ಚೆಲ್ಲಿರಲಿ, ಘಾಟಿಯಲ್ಲಿ ಯಾರೋ ವಾಂತಿ ಮಾಡಿರಲಿ, ಅವಳು ಮೂಗು ಮುರಿಯುತ್ತಿರಲಿಲ್ಲ. ಒದ್ದೆ ಬಟ್ಟೆ ಹಾಸಿ, ಅಂಗೈಯಿಂದ ಒತ್ತಿ, ತೆಗೆದು, ಮತ್ತೆ ಬೇರೆ ಬಟ್ಟೆ ಹಾಸಿ ಒತ್ತುವಳು. 'ಉಜ್ಜಬಾರ್ದು ಕಣ್ರಿ, ಉಜ್ಜಿದ್ರೆ ಕಲೆ ಎಳೆ ಒಳಕ್ಕೆ ಹೋಗಿ ಕುಂತ್ಕಂತೈತೆ' ಎನ್ನುವಳು. ಮಗ್ಗದ ಮೇಲಿನ ಸೀರೆಗೆ ಏನಾದರೂ ತಾಗಿದರೆ ಅವರಪ್ಪ ಹಾಗೆ ತೆಗೆಯುತ್ತಿದ್ದರಂತೆ. ನಾನು ಹೂಂಗುಟ್ಟುತ್ತಿದ್ದೆನೇ ಹೊರತು ಅವಳ ಕೈಕೆಲಸವನ್ನು ಒಂದು ದಿನವೂ ನಿಂತು ನೋಡಿದವನಲ್ಲ. ನನ್ನ ಕಣ್ಣೆಲ್ಲ ಬಾನೆಟ್ಟಿನಲ್ಲಿ ಕಾಣುವ ನನ್ನ ಮುಖದ ಮೇಲೇ ಇರುತ್ತಿತ್ತು.

ಹೀಗೆ ನೆಮ್ಮದಿಯಾಗಿದ್ದ ಭಾನುವಾರಗಳಿಗೆ ಕಲ್ಲು ಹಾಕಿದವರು ಎದುರು ಮನೆಯ ರುದ್ರಮುನಿ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು. ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತು, ಕಾಫಿ ಕುಡಿದು ಲೋಟ ಕೆಳಗಿಟ್ಟು, 'ತಿಪ್ಪೇಸ್ವಾಮಿ, ದುಡ್ಡು ಇಸ್ಕಂತೀಯ, ಇದಕ್ಕೊಂದು ಲೈಸೆನ್ಸ್ ಮಾಡಿಸಿಬಿಡಪ್ಪ. ಇಲ್ಲ ಅಂದ್ರೆ ನಿಲ್ಲಿಸಿಬಿಡು. ನಾಳೆ ಯಾರಾದ್ರೂ ನಿನ್ ಮೇಲೆ ಅರ್ಜಿ ಗಿರ್ಜಿ ಬರೆದ್ರೆ ಕಷ್ಟ ಆಗ್ತೈತೆ' ಎಂದರು. ನಮ್ಮ ಬೀದಿಯಲ್ಲಿ ಅರ್ಜಿ ಬರೆಯಬಲ್ಲವರು ಅವರೊಬ್ಬರೇ. ಆದ್ದರಿಂದ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಲೈಸೆನ್ಸು ಮಾಡಿಸುವುದೋ, ಕೈ ಬಿಡುವುದೋ? ಎರಡು ವಾರ ಇದೇ ಯೋಚನೆ. ನಿಜ ಹೇಳುತ್ತೇನೆ, ನನ್ನ ಹೆದರಿಕೆ ಕಾಗದಪತ್ರದ್ದಲ್ಲ. ಪುಕ್ಕಟೆಯಂತೆ ಮಾಡುವ ಕೆಲಸಕ್ಕೆ ಯಾರೂ ತಪ್ಪು ಹಿಡಿಯುವುದಿಲ್ಲ, ಎಲ್ಲರೂ ಹೊಗಳಿಯೇ ಹೋಗುತ್ತಾರೆ. ಮಿಲ್ಲಿನಲ್ಲಿ ಇಷ್ಟು ವರ್ಷ ತೂಕ ಹಾಕಿಸಿದರೂ 'ಎಷ್ಟು ಚೆನ್ನಾಗಿ ತೂಗಿದೆಯಪ್ಪಾ' ಎಂದವರಿಲ್ಲ. ನಲವತ್ತೇಳನೇ ವಯಸ್ಸಿನಲ್ಲಿ ನನಗೆ ಸಿಗುತ್ತಿದ್ದ ಹೊಗಳಿಕೆಯೆಂದರೆ ಈ ಭಾನುವಾರದ್ದು ಮಾತ್ರ. ಬೋರ್ಡು ಹಾಕಿದ ಮೇಲೆ ನಾನು ಅಂಗಡಿಯವನಾಗುತ್ತೇನೆ, ಬಂದವರು ಗಿರಾಕಿಗಳಾಗುತ್ತಾರೆ, ಗಿರಾಕಿಗಳು ಕಾರಿನ ಸುತ್ತ ಒಂದು ಸುತ್ತು ಬಂದು ಬೆರಳಿಟ್ಟು ತೋರಿಸುತ್ತಾರೆ. ನಿಲ್ಲಿಸಿಬಿಟ್ಟರೆ ಅದೂ ಇಲ್ಲ, ಇದೂ ಇಲ್ಲ. ಅವ್ವನನ್ನು ಕೇಳಿದೆ. ಅವಳು ಕಾವಲ್ ಪಕ್ಕದ ಹಳ್ಳಿಯಲ್ಲಿ ದನಗಳ ನಡುವೆ ಬೆಳೆದವಳು. 'ಎತ್ತಿನ ಮೈ ತೊಳ್ಯಾಕೆ ನಿಮ್ಮಪ್ಪ ಯಾವನ ತಾವ ಕಾಗ್ದ ತಗಂಡಿದ್ದ?' ಎಂದು ನನ್ನನ್ನೇ ಕೇಳಿದಳು. ಪದ್ಮಳನ್ನು ಕೇಳಿದೆ. 'ಮಾಡ್ಸಿಬಿಡ್ರಿ. ಕದ್ದು ಮಾಡೋ ಕೆಲ್ಸಾನಾ ಇದು?' ಎಂದಳು. ಅವಳ ಮುಖದಲ್ಲಿ ಒಂದು ಥರದ ಗೆಲುವಿತ್ತು. ಅದೇಕೆಂದು ನಾನು ಕೇಳಲಿಲ್ಲ.

ಪರವಾನಗಿ ಕೊಡುವ ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಕೂರಿಸಿ 'ಏನ್ ಉದ್ದಿಮೆ?' ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಕಾರು ತೊಳೆಯುವುದು ಎಂದು ಹೇಳಿ ಮುಗಿಸುತ್ತಿದ್ದರು. ನನಗೆ ಆ ಉಬ್ಬಿದ ಎದೆ ಇತ್ತಲ್ಲ.

'ಕಾರ್ ಡೀಟೇಲಿಂಗ್ ಸಾರ್.'

'ಯಾವ ಕಾರಿನ ಡೀಟೇಲ್ಸು?'

'ಎಲ್ಲಾ ಕಾರಿಂದೂ ಸಾರ್. ಹೆಚ್ಚಿಗೆ ಕುದಾಪುರದ ಕಡೆಯವು. ಸೈಂಟಿಸ್ಟ್‌ಗಳವು.'

ಅವರು ಪೆನ್ನು ಕೆಳಗಿಟ್ಟರು. 'ಅವ್ರಿಗೆ ಗೊತ್ತೈತಾ ಇದು?'

'ಗೊತ್ತಿಲ್ದೆ ಏನ್ ಸಾರ್, ಅವ್ರೇ ತಂದು ಬಿಟ್ಟು ಹೋಗ್ತಾರೆ. ನಾವು ಒಳಗೂ ಹೊರಗೂ ಒಂದೂ ಬಿಡದಂಗೆ ನೋಡ್ತೀವಿ. ಸೀಟಿನ ಕೆಳಗೆ, ಡಿಕ್ಕಿ ಒಳಗೆ, ಡ್ಯಾಶ್‌ಬೋರ್ಡಿನ ಸಂದೀಲಿ ಎಲ್ಲಾನೂ.'

'ನೋಡಿ?'

'ನೋಡಿ ಫೋಟೋನೂ ತಗೀತೀವಿ ಸಾರ್. ಮೊದ್ಲು ಹೆಂಗಿತ್ತು, ಆಮೇಲೆ ಹೆಂಗಾತು ಅಂತ.'

ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ಬರಿಗಣ್ಣಿನಿಂದ ನೋಡಿದರು. ಪಕ್ಕದ ಮೇಜಿನವರಿಗೆ ಬಾಗಿಲ ಕಡೆ ಕಣ್ಣು ತೋರಿಸಿದರು. ಅವರು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. 'ಈ ಡೀಟೇಲ್ಸ್ ಎಲ್ಲಾ ಯಾರಿಗೆ ಕಳಿಸ್ತೀರಿ?' ಎಂದು ಬಹಳ ಮೆಲ್ಲಗೆ ಕೇಳಿದಾಗಲೇ ನನಗೆ ಬೆವರೊಡೆದದ್ದು. ನಮ್ಮ ಕಾವಲಿನ ಸುತ್ತ ಏನೇನು ತಯಾರಾಗುತ್ತದೋ ನನಗೆ ಗೊತ್ತಿಲ್ಲ, ಗೊತ್ತಿರಬಾರದೆಂದೂ ನನಗೆ ಗೊತ್ತು. ಎದ್ದು ನಿಂತು, ಜೇಬಿನಿಂದ ಕರ್ಚೀಫು ತೆಗೆದು, ಅವರ ಮೇಜಿನ ಗಾಜನ್ನು ಗಸಗಸ ಒರೆಸಿ ತೋರಿಸಿದೆ. 'ಇದೇ ಸಾರ್! ಇಷ್ಟೇ ಸಾರ್! ಕಾರಿಗೆ ಮಾಡ್ತೀವಿ!' ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೂ ಬಾಗಿಲಲ್ಲಿ ನಿಂತವರೂ ನಕ್ಕ ನಗು ಕೇಳಿ ಹೊರಗಿದ್ದವರೆಲ್ಲ ಇಣುಕಿದರು. 'ತೊಳೆಯೋದು ಅಂತ ಹೇಳಾಕೆ ಏನ್ರಿ ನಿಮಗೆ?' ಎಂದು ಗದರಿ, ಒಂದು ಫಾರಂ ಕೊಟ್ಟು, ಮನೆಯಲ್ಲಿ ತುಂಬಿಕೊಂಡು ಬನ್ನಿ ಎಂದರು.

ಮನೆಗೆ ಬಂದು, ಕೈಕಾಲು ತೊಳೆದು, ದುಂಡಾದ ಅಕ್ಷರಗಳಲ್ಲಿ ಫಾರಂ ತುಂಬಿದೆ. ತುಂಬಿದ್ದಷ್ಟಕ್ಕೇ ಸುಮ್ಮನಿರಬಹುದಿತ್ತು, ಎಲ್ಲರಿಗೂ ಕೇಳುವಂತೆ ಓದಿದೆ. ಪದ್ಮ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು, ಅವ್ವ ಎಲೆ ಅಡಿಕೆ ಹಾಕುತ್ತಿದ್ದಳು. 'ಮಾಲೀಕರ ಹೆಸರು, ಬಿ. ತಿಪ್ಪೇಸ್ವಾಮಿ. ಸ್ಥಳ, ಸ್ವಂತ ಮನೆ. ಕೆಲಸಗಾರರ ಸಂಖ್ಯೆ, ಇಲ್ಲ.'

'ಇಲ್ವಾ?' ಎಂದಳು ಪದ್ಮ.

'ಯಾರವ್ರೆ? ನಾನೊಬ್ನೇ ತಾನೆ.'

ಅವ್ವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಪದ್ಮ ಮೊರ ಎತ್ತಿಕೊಂಡು ಎದ್ದಳು. 'ಹೂಂ, ಸರಿಯಾಗೇ ಐತೆ' ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಅವಳು ಮೊಳಕಾಲ್ಮುರಿನ ತನ್ನ ತಮ್ಮನೊಡನೆ ಫೋನಿನಲ್ಲಿ ಆಡುತ್ತಿದ್ದ ತೆಲುಗು ಕೇಳಿಸಿತು. 'ಈಯನಕೇಮಿ ತೆಲುಸು' ಎನ್ನುವುದು ಮೂರು ಸಲ ಬಂತು. ಇವರಿಗೇನು ಗೊತ್ತು ಎಂದರ್ಥ. ಇಷ್ಟು ತೆಲುಗು ನನಗೆ ಬರುತ್ತದೆಂದು ಆಗಲೇ ಹೇಳಿದೆ.

ಆ ಭಾನುವಾರ ಅವಳು ಕಾರಿನ ಹತ್ತಿರ ಬರಲಿಲ್ಲ. ಜಗಲಿಯ ಮೇಲೆ ಅವ್ವನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಂದದ್ದು ರುದ್ರಮುನಿ ಮೇಷ್ಟ್ರ ಕಾರೇ. ಹಿಂದಿನ ಸೀಟಿನ ಮೇಲೆ ಹಾಲು ಚೆಲ್ಲಿ ಎರಡು ದಿನವಾಗಿತ್ತು. ಇದೇನು ಮಹಾ ಎಂದು ನಾನೇ ಒಳಗೆ ನುಗ್ಗಿ, ಬ್ರಷ್ಷು ಹಿಡಿದು, ಶಕ್ತಿಮೀರಿ ಉಜ್ಜಿದೆ. ಅಂಗೈಯಗಲ ಇದ್ದ ಕಲೆ ತಟ್ಟೆಯಗಲ ಆಯಿತು. ಇನ್ನೂ ಉಜ್ಜಿದೆ, ಸೀಟಿನಗಲ ಆಯಿತು. ವಾಸನೆಯಂತೂ ಆಗಲೇ ಎಚ್ಚರವಾದಂತೆ ಎದ್ದು ಕೂತಿತು. ಮೇಷ್ಟ್ರು ಬಂದು ಹೊರಗಿನ ಹೊಳಪನ್ನು ನೋಡಲೇ ಇಲ್ಲ. ಹಿಂದಿನ ಬಾಗಿಲು ತೆಗೆದು ತಲೆ ಹಾಕಿದವರು ತಟಕ್ಕನೆ ಹೊರಗೆಳೆದುಕೊಂಡರು.

'ಲೇ ತಿಪ್ಪೇಸ್ವಾಮಿ, ಪದ್ಮಮ್ಮಾರಿಗೆ ಹುಷಾರಿಲ್ವೇನೋ?'

'ಹುಷಾರಾಗೇ ಅವ್ಳೆ ಸಾರ್.'

'ಮತ್ತೆ ಇದ್ಯಾಕಿಂಗಾತು?' ಎಂದು ದನಿ ತಗ್ಗಿಸಿದರು. 'ಬೇಜಾರ್ ಮಾಡ್ಕಬ್ಯಾಡ. ನಾವೆಲ್ಲಾ ಇಲ್ಲಿಗೆ ಕಾರು ತರೋದು ಒಳಗಿನ ಕೆಲ್ಸಕ್ಕೆ ಕಣಯ್ಯ. ಹೊರಗಿಂದಕ್ಕೆ ಎರಡು ಬಕೆಟ್ ನೀರು ನಾನೇ ಹಾಕ್ಕಂತೀನಿ.'

ನಾನು ಕೈಯಲ್ಲಿ ಬ್ರಷ್ಷು ಹಿಡಿದುಕೊಂಡು ನಿಂತೇ ಇದ್ದೆ. ಇಷ್ಟು ದಿನ ಹೊಗಳಿದವರ ಮುಖಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವರೆಲ್ಲ 'ಚೆನ್ನಾಗಾಗೈತೆ' ಎನ್ನುವಾಗ ಕಾರಿನ ಒಳಗೇ ತಲೆ ಹಾಕಿರುತ್ತಿದ್ದರು. ನಾನು ಹೊರಗೆ ನಿಂತು ಆ ಮಾತನ್ನು ಇಸಿದುಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಯಿತು. ಹೊಗಳಿಕೆ ತಪ್ಪಿತೆಂದಲ್ಲ. ನನ್ನ ಬೆನ್ನ ಹಿಂದೆಯೇ ಕೂತು, ಬಿಸಿಲಲ್ಲಿ ಕಾದು ಬಂದ ಕಾರಿನೊಳಗೆ ಬೆವರು ಸುರಿಸುತ್ತಿದ್ದವಳನ್ನು ನಾನು ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಿದ್ದೆನಲ್ಲ, ಅದಕ್ಕೆ. ಅವಳು ಲೈಸೆನ್ಸು ಮಾಡಿಸಿ ಎಂದಾಗ ಮುಖದಲ್ಲಿದ್ದ ಗೆಲುವು ಯಾಕೆಂದು ಈಗ ಗೊತ್ತಾಯಿತು. ಕಾಗದದ ಮೇಲೆ ತನ್ನ ಕೆಲಸವೂ ಬರುತ್ತದೆಂದು ಅವಳು ಕಾದಿದ್ದಳು.

ಒಳಗೆ ಹೋಗಿ ಫಾರಂ ತಂದು ಅವಳ ಮುಂದೆ ಹಿಡಿದು ಹರಿದೆ. 'ತಪ್ಪಾತು ಕಣೆ. ಬೇರೆ ಫಾರಂ ತರ್ತೀನಿ. ನಿನ್ ಹೆಸ್ರಿಗೇ ಮಾಡ್ಸಾಣ. ನಿಂಗೆ ಬ್ಯಾಡ ಅಂದ್ರೆ ಇವತ್ತೇ ನಿಲ್ಲಿಸಿಬಿಡಾಣ' ಎಂದೆ. ಅವಳು ಇನ್ನೊಂದು ಅವರೆಕಾಯಿ ಸುಲಿದಳು. ಅವ್ವನೇ, 'ಹೇಳೇ, ಬಾಯ್ಬಿಟ್ಟು ಹೇಳು. ಇಪ್ಪತ್ತು ವರ್ಸಕ್ಕೊಂದ್ಸಾರಿ ಬಾಗಿಲಿಗೆ ಬಂದು ಕೇಳ್ತಾವ್ನೆ' ಎಂದಳು. ಪದ್ಮಳಿಗೆ ನಗು ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಅವರೆಕಾಯಿಯನ್ನು ನನ್ನ ಕೈಗೆ ಸುರಿದು, ಸೆರಗು ಸಿಕ್ಕಿಸಿಕೊಂಡು ಕಾರಿನ ಕಡೆ ಹೋದಳು. ನಾನು ಮೊದಲ ಸಲ ಬಾಗಿಲ ಬಳಿ ನಿಂತು ನೋಡಿದೆ. ಒದ್ದೆ ಬಟ್ಟೆ ಹಾಸುವುದು, ಒತ್ತುವುದು, ತೆಗೆಯುವುದು. ಮುಕ್ಕಾಲು ಗಂಟೆ. ಕಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಮಂಗಳವಾರ ಮಿಲ್ಲಿಗೆ ಅರ್ಧ ದಿನ ರಜ ಹಾಕಿ ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ನನ್ನನ್ನು ನೋಡಿದ್ದೇ 'ಓಹೋ, ಡೀಟೇಲ್ಸ್‌ನೋರು ಬಂದ್ರು' ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಪದ್ಮ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

'ಏನಮ್ಮ ಉದ್ದಿಮೆ?'

'ಗಾಡಿ ಒಳಗೂ ಹೊರಗೂ ಕ್ಲೀನ್ ಮಾಡೋದು ಸಾರ್.'

'ತೊಳೆದ ನೀರು ಬೀದಿಗೆ ಹೋಗ್ತೈತಾ?'

'ಪೈಪೇ ಬಿಡಲ್ಲ ಸಾರ್. ಬಕೆಟ್‌ನಾಗೆ ಅದ್ದಿ ಒರೆಸ್ತೀವಿ, ಉಳಿದಿದ್ದು ಹೊಂಗೆಮರಕ್ಕೆ. ನಮ್ಮೂರಾಗೆ ಬೀದಿಗೆ ಬಿಡೋವಷ್ಟು ನೀರೆಲ್ಲೈತೆ?'

ಗುಮಾಸ್ತರು ತಲೆಯಾಡಿಸಿ ಬರೆಯುತ್ತಾ ಹೋದರು. ನಾನು ಅರ್ಧ ಗಂಟೆ ಮಾತಾಡಿ ಬಾಗಿಲಿಗೆ ಕಾವಲು ಹಾಕಿಸಿಕೊಂಡಿದ್ದ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಾ ಬಂತು. ಮಾಲೀಕರ ಹೆಸರಿನ ಮುಂದೆ ಪದ್ಮಾವತಿ ಎಂದು ಬಂತು. ಅವಳು ಆ ಅಕ್ಷರಗಳನ್ನು ಬಗ್ಗಿ ನೋಡಿದಳು. ಆಮೇಲೆ ಅವರು ಕೇಳಿದರು, 'ಕೆಲಸಗಾರರು ಎಷ್ಟು ಜನಮ್ಮ?'

ಪದ್ಮ ತಿರುಗಿ, ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಬಹಳ ಹೊತ್ತು ನೋಡಿದಳು ಎಂದೇ ನನಗನ್ನಿಸಿತು.

'ಒಬ್ರು ಅವ್ರೆ ಸಾರ್' ಎಂದಳು. 'ಆದ್ರೆ ಇನ್ನೂ ಕಲೀತಾವ್ರೆ.'

ಗುಮಾಸ್ತರು 'ಒಂದು' ಎಂದು ಬರೆದುಕೊಂಡರು. ಕಲಿಯುವವರಿಗೆ ಬೇರೆ ಕಾಲಂ ಇಲ್ಲ, ಯೋಚನೆ ಮಾಡಬೇಡಿ ಎಂದು ನನಗೆ ಸಮಾಧಾನ ಹೇಳಿದರು.