ಅರಿಶಿನದ ನೀರು ಕಾರಿದ ಎಲ್ಬೋ ಮಹಾಶಯರಿಗೆ

ಹಗುರ ಮೈಯವರೂ, ಹೊಳೆಯುವ ಮುಖದವರೂ, ನನ್ನ ಬಾಡಿಗೆ ಜೀಪಿನ ಎಂಜಿನ್ನಿನಿಂದ ಕಾದ ನೀರನ್ನು ರೇಡಿಯೇಟರಿಗೆ ಮುಟ್ಟಿಸುವ ಹೊಣೆ ಹೊತ್ತವರೂ ಆದ ಪ್ಲಾಸ್ಟಿಕ್ಕಿನ ಬಾಗು ಕೊಳವೆ ಎಲ್ಬೋ ಅವರ ಸನ್ನಿಧಾನಕ್ಕೆ, ಇರಕಲ್ಲಗಡದ ಗಾಡಿ ಮಾಲೀಕನೂ ಚಾಲಕನೂ ಆದ ಗಾಳೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂದು ಚೆನ್ನಾಗಿ ತಿಳಿದೇ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಜಾಗದಲ್ಲಿ ಮೊದಲಿದ್ದ ಕಬ್ಬಿಣದವರು ಮುಪ್ಪಾಗಿ ನಿವೃತ್ತರಾದಾಗ, ಅಂಗಡಿಯವನು ತಮ್ಮನ್ನು ಹಾಳೆಯಲ್ಲಿ ಸುತ್ತಿಕೊಡುತ್ತ, "ಇದಕ್ಕ ತುಕ್ಕು ಹಿಡಿಯೂದ ಇಲ್ರಿ" ಎಂದಿದ್ದ. ಅವನು ಸುಳ್ಳು ಹೇಳಲಿಲ್ಲ. ತುಕ್ಕು ಹಿಡಿಯುವಷ್ಟು ಕಾಲ ತಾವು ಬದುಕಲಿಲ್ಲ, ಅಷ್ಟೇ.

ನನ್ನ ತಂಗಿ ಸುಮಂಗಲಾಳಿಗೆ ಹಾಸ್ಟೆಲಿನಲ್ಲಿ ಅಡುಗೆಯ ಸರ್ಕಾರಿ ಕೆಲಸ ಸಿಕ್ಕಿತ್ತು. ನಮ್ಮ ಮನೆತನದಲ್ಲಿ ಕೂಲಿಯ ಕುರ್ಪಿ ಬಿಟ್ಟು ಸರ್ಕಾರಿ ಸೌಟು ಹಿಡಿಯುವವಳು ಅವಳೇ ಮೊದಲಿಗಳು. ಆ ಮಂಗಳವಾರ ಕುಷ್ಟಗಿಯ ಕಚೇರಿ ಬಾಗಿಲು ಹಾಕುವುದರೊಳಗೆ ಅವಳು ಹೋಗಿ ಸಹಿ ಮಾಡದಿದ್ದರೆ ಕೆಲಸ ಮತ್ತೊಬ್ಬರ ಪಾಲಾಗುತ್ತಿತ್ತು. ಮುಂಚೆಯೇ ಹೋಗಬಹುದಿತ್ತು, ನಿಜ; ಆದರೆ ಮಂಗಳವಾರದ ದಿನ ಹುಲಿಗೆಮ್ಮನಿಗೆ ಕೈಮುಗಿದೇ ಕೆಲಸಕ್ಕೆ ಸೇರಬೇಕೆಂದು ನಮ್ಮವ್ವ ಮಾರೆವ್ವ ಹಟ ಹಿಡಿದಿದ್ದರಿಂದ, ಮೂವರೂ ಹುಲಿಗಿಗೆ ಹೋಗಿ, ದೇವಿಯ ಅರಿಶಿನವಾದ ಭಂಡಾರವನ್ನು ಚೀಲ ತುಂಬ ಕಟ್ಟಿಕೊಂಡು ಕುಷ್ಟಗಿಯ ದಾರಿ ಹಿಡಿದಿದ್ದೆವು. ಆ ದಾರಿಯಲ್ಲಿ ಊರಿಲ್ಲದ ಕೇರಿಯಿಲ್ಲದ ಜಾಗವೊಂದನ್ನು ಬಹಳ ವಿವೇಚನೆಯಿಂದ ಆರಿಸಿಕೊಂಡು ತಾವು ಬಿರುಕು ಬಿಟ್ಟಿರಿ.

ಮೆಕ್ಯಾನಿಕ್ ಶಾಮೀದಸಾಬರಿಗೆ ಫೋನ್ ಹಚ್ಚಿದೆ. "ಸಣ್ಣ ತೂತಿದ್ರ ನೀರಾಗ ಅರಿಶಿಣ ಹಾಕ್ರಿ, ಮುಚ್ಚಿಕೊಳ್ತೈತಿ, ಆದ್ರ..." ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಆ "ಆದ್ರ" ಏನೆಂದು ಯೋಚಿಸುವ ವ್ಯವಧಾನ ನಮ್ಮವ್ವನಿಗೆ ಇರಲಿಲ್ಲ. "ಅಡಗಿ ಅರಿಶಿಣಕ್ಕ ಅಷ್ಟು ಶಕ್ತಿ ಇದ್ರ, ಅವ್ವನ ಭಂಡಾರಕ್ಕ ಎಷ್ಟಿರಬೇಕಲೇ!" ಎಂದವಳೇ, ಎಂಜಿನ್ ಆರಿದ ಮೇಲೆ ಇದ್ದ ಭಂಡಾರವನ್ನೆಲ್ಲ ನೀರಿಗೆ ಕಲಸಿ ರೇಡಿಯೇಟರಿಗೆ ಸುರಿದಳು. ನಾನು ಗಾಡಿ ಚಾಲೂ ಮಾಡಿದೆ. ಅಷ್ಟೂ ಭಂಡಾರ ಗಟ್ಟಿಯಾಗಿ ನೀರಿನ ದಾರಿ ಕಟ್ಟಿದ್ದೇ ತಡ, ತಾವು ಸೌತೆಕಾಯಿಯಂತೆ ಎರಡು ಹೋಳಾಗಿ, ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದ ಸುಮಂಗಲಾಳಿಗೆ ನೆತ್ತಿಯಿಂದ ಹೊಸ ಸೀರೆಯ ಅಂಚಿನವರೆಗೆ ಹಳದಿ ಅಭಿಷೇಕ ಮಾಡಿದಿರಿ. ಅವಳು ಸಿಟ್ಟು ತಾಳಲಾರದೆ ಕೂದಲು ಬಿಚ್ಚಿ ಕೊಡವುತ್ತ ಗಡಗಡ ನಡುಗತೊಡಗಿದಳು.

ಅಷ್ಟರಲ್ಲಿ ಹುಲಿಗಿಯಿಂದ ಮರಳುವ ಭಕ್ತರಿದ್ದ, ನಡುದಾರಿಯಲ್ಲಿ ಯಾರ ಕೈಗೂ ನಿಲ್ಲದ ಬಸ್ಸು ತಾನಾಗಿಯೇ ನಿಂತಿತು. "ಮೈಯಾಗ ಅವ್ವ ಬಂದಾಳ!" ಎಂದು ಹೆಂಗಸರು ಇಳಿದು ಉಡಿ ತುಂಬಿದರು. ಕಂಡಕ್ಟರ್ ಕೈಮುಗಿದು, "ತಾಯಿ, ಎಲ್ಲಿಗೆ ಬಿಜಯಂಗೈತೀರಿ?" ಎಂದ. ಸುಮಂಗಲಾ ಹಲ್ಲು ಕಡಿದು "ಕುಷ್ಟಗಿ!" ಎಂದು ಒದರಿದಳು. ನಾನೂ ಅವ್ವನೂ ಜೀಪಿನ ಬಳಿಯೇ ಉಳಿದೆವು; ಡ್ರೈವರ್ ಬೇರೆಲ್ಲೂ ನಿಲ್ಲಿಸದೆ, ಅವಳು ಕೈ ತೋರಿದ ಕಚೇರಿಯ ಬಾಗಿಲಿಗೇ ಅವಳನ್ನು ಮುಟ್ಟಿಸಿದನಂತೆ. ಬೀಗ ಹಿಡಿದು ಹೊರಟಿದ್ದ ಸಾಹೇಬರು ಅವಳನ್ನು ಕಂಡು, "ಅವ್ವಾರ, ನಮ್ಮ ಮನಿದು ಯಾವ ಹರಕಿ ಬಾಕಿ ಐತ್ರಿ?" ಎಂದು ಬೆವತರಂತೆ. ಅವಳು ಒದ್ದೆ ಆದೇಶಪತ್ರ ಮುಂದೆ ಚಾಚಿದಳಂತೆ.

"ಅಣ್ಣಾ, ಸಹಿ ಮಾಡೀನಿ" ಎಂದು ಅವಳು ಫೋನಿನಲ್ಲಿ ಹೇಳಿದಾಗ, ಕೆಟ್ಟು ನಿಂತ ಜೀಪಿಗೆ ಒರಗಿ ನಾನೂ ಅವ್ವನೂ ಅತ್ತೆವು. ಅಂಥ ಸಂತೋಷ ನಾನು ಕಂಡಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಮ್ಮ ಬಂಧುಗಳು ಇನ್ನು ಮುಂದೆ ಅಂಗಡಿಯ ಕಪಾಟಿನಲ್ಲಿಯೇ, ನಾವು ಕೈಗೆತ್ತಿಕೊಳ್ಳುವ ಮೊದಲೇ ಒಡೆದು ಉಪಕರಿಸಬೇಕು, ಇಲ್ಲವೇ ಸರ್ಕಾರಿ ನೌಕರಿಯ ಆದೇಶ ಕೈಯಲ್ಲಿರುವವರು ಗಾಡಿಯಲ್ಲಿದ್ದಾಗ ಮಾತ್ರ ಒಡೆಯಬೇಕು.

ತಮ್ಮನ್ನು ನಂಬಿ ನಡುದಾರಿಯಲ್ಲಿ ನಿಂತ,
ತಮ್ಮ ವಿಶ್ವಾಸಿ,
ಗಾಳೇಶ

ಮರೆತ ಮಾತು: ತಮ್ಮ ಒಂದು ಹೋಳನ್ನು ಯಾರೋ ಅಲ್ಲಿಯ ಬೇವಿನ ಗಿಡದ ಬುಡದಲ್ಲಿಟ್ಟು ಕುಂಕುಮ ಹಚ್ಚಿದ್ದಾರೆ, ದಿನವೂ ಕಾಯಿ ಒಡೆಯುತ್ತಿದ್ದಾರೆ. ಬಿಸಿ ನೀರನ್ನೇ ತಾಳದ ತಾವು ಜನರ ಬೇಡಿಕೆಗಳನ್ನು ಹೇಗೆ ತಾಳುವಿರೋ ನಾನರಿಯೆ. ಕರ್ಪೂರವನ್ನು ಮಾತ್ರ ತುಸು ದೂರ ಹಚ್ಚಿರೆಂದು ಭಕ್ತರಿಗೆ ಹೇಳಿ ಬಂದಿದ್ದೇನೆ. ದೇವರು ಕರಗಿ ಹೋದರೆ ಗ್ಯಾರಂಟಿ ಇಲ್ಲ.