ದೇವರ ಕೋಣೆಯಲ್ಲಿ ಒಂದು ಸೋಲೋ ಆಲ್ಬಮ್

ದೇವರ ಹತ್ತಿರ ಮನಸ್ಸಿನಲ್ಲೇ ಮಾತಾಡಿದರೆ ಸಾಕು, ಅವನಿಗೆ ಕೇಳಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಮ್ಮ ಮನೆಯಲ್ಲಿ ಬಾಯಿಬಿಟ್ಟು ಮೂರು ಸಲ ಹೇಳಿದರೂ ಮಿಲ್ಲಿನಿಂದ ಅಕ್ಕಿ ಬರುವುದಿಲ್ಲ. ಹಾಗಾಗಿ ಮನಸ್ಸಿನಲ್ಲಿ ಹೇಳಿದ್ದು ಎಲ್ಲಿಗಾದರೂ ಮುಟ್ಟುತ್ತದೆ ಎಂಬ ನಂಬಿಕೆ ನನಗಿಲ್ಲ. ಸಂಜೆ ದೀಪ ಹಚ್ಚಿ, ದೇವರ ಕೋಣೆಯ ಬಾಗಿಲು ಹಾಕಿಕೊಂಡು, ದಿನದ ಸಣ್ಣಪುಟ್ಟ ದಯೆಗಳನ್ನೆಲ್ಲ ಗಟ್ಟಿಯಾಗಿಯೇ ಒಪ್ಪಿಸುತ್ತೇನೆ. ಇವತ್ತು ಬಂಗುಡೆ ತಾಜಾ ಸಿಕ್ಕಿತು, ಮೀನಿನ ಸುದ್ದಿ ನಿನ್ನೆದುರು ಆಡಬಾರದು, ತಪ್ಪಾಯಿತು. ಬಟ್ಟೆ ಒಣಗುವವರೆಗೆ ಮಳೆ ತಡೆಯಿತು. ಹಾಲು ಉಕ್ಕಿದರೂ ಒಂದು ಲೋಟದಷ್ಟು ತಳದಲ್ಲಿ ಉಳಿಯಿತು. ಅತ್ತೆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದರು. ಆ ಎರಡು ಗಂಟೆ ಈ ಮನೆಯಲ್ಲಿ ನೀನು ಇದ್ದದ್ದು ನನಗೆ ಗೊತ್ತಾಯಿತು. ಎದ್ದವರು ಚಾ ತಣ್ಣಗಾಗಿದೆ ಎಂದರು, ಬಿಸಿ ಮಾಡಿ ಕೊಟ್ಟರೆ ಬಾಯಿ ಸುಟ್ಟಿತು ಎಂದರು. ಇವೆರಡರ ನಡುವಿನ ಬಿಸಿ ಎಲ್ಲಿದೆ ಸ್ವಾಮೀ, ನೀನೇ ತೋರಿಸು. ಇಂಥದ್ದೆಲ್ಲ ನನಗೂ ಅವನಿಗೂ ಮಾತ್ರ ಸಂಬಂಧಪಟ್ಟ ಮಾತುಗಳು. ಹಾಗಂತ ನಾನು ತಿಳಿದುಕೊಂಡಿದ್ದೆ.

ನಮ್ಮವರ ತಮ್ಮ ಸುಧಾಕರ ನಾವುಂದದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಮದುವೆ, ಗೃಹಪ್ರವೇಶ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಸುತ್ತಲಿನ ಯಾವ ಗಲಾಟೆಯಾದರೂ ಅವನ ಕೃಪೆ. ಹದಿನೈದು ವರ್ಷ ಊರವರ ಮಾತನ್ನೆಲ್ಲ ದೊಡ್ಡದು ಮಾಡಿದವನಿಗೆ ತನ್ನದೂ ಒಂದು ಮಾತು ದೊಡ್ಡದಾಗಲಿ ಎನ್ನಿಸಿತೋ ಏನೋ, ಒಂದು ದಿನ ಗಿಟಾರು ಹಿಡಿದುಕೊಂಡು ಬಂದ.

“ಅತ್ತಿಗೆ, ನಾನೊಂದ್ ಸೋಲೋ ಆಲ್ಬಮ್ ಮಾಡ್ತೆ. ರ‍್ಯಾಪು, ಜಾನಪದ, ರಾಕು, ಬ್ಲೂಸು, ಎಲ್ಲ ಕಲ್ಸಿ.”

“ಎಲ್ಲ ಕಲ್ಸಿ ನಾನೂ ದಿನಾ ಮಾಡ್ತೆ ಮಾರಾಯ, ಅದಕ್ಕೆ ಸಾಂಬಾರ್ ಅಂತ್ರ್” ಎಂದೆ.

ಜನ ಮೊಬೈಲಿನಲ್ಲಿ ಹಾಡು ಕೇಳಲು ಶುರುಮಾಡಿ, ಸಿ.ಡಿ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಆಗಲೇ ಇವನಿಗೆ ಸಿ.ಡಿ. ತರುವ ಯೋಗ ಬಂದದ್ದು. ರ‍್ಯಾಪು, ರಾಕು ಎಂದರೇನು ಎಂದು ಅವನು ನನಗೆ ಎರಡು ಗಂಟೆ ವಿವರಿಸಿದ. ನನಗೆ ಅರ್ಥವಾದದ್ದಿಷ್ಟು: ಉಸಿರು ತೆಗೆದುಕೊಳ್ಳದೆ ಬೈದರೆ ರ‍್ಯಾಪು, ಪಕ್ಕದ ಮನೆಗೂ ಕೇಳುವಂತೆ ಬೈದರೆ ರಾಕು, ಬೈಸಿಕೊಂಡವನು ಮೂಲೆಯಲ್ಲಿ ಕೂತು ಅತ್ತರೆ ಬ್ಲೂಸು, ಮೊದಲು ಯಾರು ಬೈದದ್ದೆಂದು ಎಲ್ಲರಿಗೂ ಮರೆತುಹೋದರೆ ಅದು ಜಾನಪದ. ಅತ್ತೆಯಿಂದ ಒಂದು ನಟ್ಟಿ ಹಾಡು ಕೇಳಿ ಬರೆದುಕೊಂಡು, ಅದನ್ನು ಅವನು ಹಾಡಿದ ವೇಗಕ್ಕೆ ಗದ್ದೆ ನೆಟ್ಟರೆ ಹತ್ತೇ ನಿಮಿಷಕ್ಕೆ ಗದ್ದೆಯೂ ಮುಗಿಯುತ್ತದೆ, ನೆಟ್ಟವರ ಸೊಂಟವೂ ಮುಗಿಯುತ್ತದೆ.

ಸೋಲೋ ಎಂದರೆ ಒಬ್ಬನೇ ಎಂದು ಅರ್ಥವಂತೆ. ಅವನೊಬ್ಬ ಹಾಡಬೇಕಾದರೆ ಮನೆಯಲ್ಲಿ ಉಳಿದವರೆಲ್ಲ ಬಾಯಿ ಮುಚ್ಚಬೇಕು. ಗ್ರೈಂಡರ್ ತಿರುಗಿಸಬಾರದು, ಕುಕ್ಕರ್ ಸೀಟಿ ಹೊಡೆಯಬಾರದು, ನಮ್ಮವರು ಕೆಮ್ಮಬಾರದು. ಅಷ್ಟಾದರೂ ಆಗಲಿ ಎಂದರೆ, ಗೋಡೆ ದಪ್ಪ, ಕಿಟಕಿಯಿಲ್ಲ, ಸ್ವರ ಲಾಯ್ಕ್ ಬತ್ತ್ ಎಂದು ಅವನು ಹಿಡಿದದ್ದು ದೇವರ ಕೋಣೆಯನ್ನೇ! ನಾನು ಕೂಗಾಡಿದೆ. ಅತ್ತೆ ಮಗನ ಪಕ್ಷ.

“ಮಾಣಿ ಎಂತ ಕುಡೂಕ್ ಹೋತಾ? ಪದ ಹೇಳುದಲ್ದಾ? ದೇವ್ರೂ ಕೇಣ್ಲಿ ಬಿಡ್.”

ದೇವರು ಕೇಳಿದ. ಬೇರೆ ದಾರಿಯೇನಿತ್ತು ಅವನಿಗೆ? ಮೂರು ಗೋಡೆಗೆ ನನ್ನ ಹಾಸಿಗೆ, ಕಂಬಳಿಗಳು ನೇತಾಡಿದವು. ರಾಕಿನ ಹೊತ್ತಿಗೆ ಗಂಟೆ ತಾನಾಗಿಯೇ ಅಲುಗುತ್ತಿತ್ತು. ಬೆಳಿಗ್ಗೆ ಅತ್ತೆಯ ಪೂಜೆಗೆ, ಸಂಜೆ ನನ್ನ ದೀಪಕ್ಕೆ ಅಂತ ಅವನು ಹೊರಗೆ ಹೋಗುತ್ತಿದ್ದ. ಹೋಗುವಾಗ ಗಿಟಾರು ತೆಗೆದುಕೊಂಡು ಹೋಗುತ್ತಿದ್ದನೇ ಹೊರತು ಮೈಕ್ ಆರಿಸುತ್ತಿರಲಿಲ್ಲ. ಅದು ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ, ಸಿ.ಡಿ.ಯ ಪೆಟ್ಟಿಗೆಗಳು ಮನೆಗೆ ಬಂದ ದಿನ.

“ಅತ್ತಿಗೆ, ಸಿಟ್ಟ್ ಮಾಡ್ಬೇಡಿ. ಮೂರ್ನೇ ಹಾಡ್ ನಿಮ್ದ್” ಎಂದ ಸುಧಾಕರ, ನೆಲ ನೋಡುತ್ತ. “ನೀವ್ ದೇವ್ರ ಹತ್ರ ಮಾತಾಡುದ್ ಇತ್ತಲೆ, ನಾನ್ ಎಷ್ಟ್ ಬಾಯ್ ಹರ್ಕಂಡ್ರೂ ಆ ರ‍್ಯಾಪ್ ಬಪ್ಪುದಿಲ್ಲ. ಉಸ್ರೇ ತೆಗಿತಿಲ್ಲ ನೀವ್!”

“ಚಾದ್ದೂ ಇತ್ತಾ?”

“ಅದೇ ಪಲ್ಲವಿ.”

ತೆಗೆಸು ಎಂದರೆ ಐನೂರು ಸಿ.ಡಿ. ಆಗಿಹೋಗಿದೆ ಎಂದ. “ಸ್ವರ ಗಂಡಸಿನ ಹಾಂಗೆ ದಪ್ಪ ಮಾಡಿದ್ದೆ, ಯಾರಿಗೂ ಗೊತ್ತಾತಿಲ್ಲ” ಎಂದೂ ಸೇರಿಸಿದ. ಸ್ವರ ದಪ್ಪ ಮಾಡಬಹುದು, ಚಾ? ಹದಿನಾಲ್ಕು ವರ್ಷ ದಿನಕ್ಕೆರಡು ಸಲ ತಣ್ಣಗಾಗುತ್ತ, ಸುಡುತ್ತ ಬಂದ ಆ ಚಾದ ಗುರುತು ಅತ್ತೆಗೆ ಸಿಗದಿರುತ್ತದೆಯೇ? ಎದುರಿಗೆ ಒಂದು ಮಾತು ತಿರುಗಿ ಆಡದ ಸೊಸೆ ಎಂದು ನನಗೊಂದು ಹೆಸರಿತ್ತು. ಅದೊಂದನ್ನು ಉಳಿಸಿಕೊಡು ಎಂದು ದೇವರಲ್ಲಿ ಬೇಡಿಕೊಳ್ಳಲು ಕೋಣೆಗೆ ಹೋದವಳು, ಮೊದಲು ಕಂಬಳಿಗಳ ಹಿಂದೆಲ್ಲ ಹುಡುಕಿ ನೋಡಿದೆ.

ಹೊಸತು ಏನು ಬಂದರೂ ಮೊದಲು ದೇವರ ಮುಂದಿಡುವುದು ನಮ್ಮ ಪದ್ಧತಿ. ಮರುದಿನ ಸಿ.ಡಿ.ಗೂ ಕುಂಕುಮ ಹಚ್ಚಿ, ಆರತಿ ಎತ್ತಿ, ಎಲ್ಲರೂ ಚಾವಡಿಯಲ್ಲಿ ಕೂತೆವು. ಮೂರನೆಯ ಹಾಡು ಬಂತು. ಯಾರೋ ದಪ್ಪ ಸ್ವರದವನು “ಅತ್ತೆ ತಣ್ಣಗ್ ಅಂತ್ರ್, ಸುಟ್ತ್ ಅಂತ್ರ್, ನಡೂಗಿನ್ ಬಿಸಿ ಎಲ್ಲಿತ್ತ್ ಸ್ವಾಮೀ” ಎಂದು ಉಸಿರುಗಟ್ಟಿ ಗೋಳಾಡುತ್ತಿದ್ದ. ನಾನು ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯುತ್ತ ಕೂತಿದ್ದೆ. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಪಾಪ, ಎಂಥಾ ಅತ್ತೆ ಸಿಕ್ಕಿದ್ಲ್ ಮಾರಾಯ! ಆ ಮುದ್ಕಿಗೆ ಒಂದ್ ಚಾ ಕುಡೂಕೂ ಬತ್ತಿಲ್ಯಾ?” ಎಂದರು. ಆಮೇಲೆ ಕೈಯಲ್ಲಿದ್ದ ಲೋಟವನ್ನು ನನ್ನತ್ತ ಚಾಚಿ, “ಹೆಣೆ, ಇದ್ ತಣ್ಣಗ್ ಆಯ್ತ್ ಕಾಣ್.”

ನಾನು ಒಳಗೆ ಹೋಗಿ, ಚಾ ಬಿಸಿಗಿಟ್ಟು, ಬಾಯಿಗೆ ಸೆರಗು ತುಂಬಿಕೊಂಡು ನಕ್ಕೆ. ಮನುಷ್ಯರಿಗೆ ತಮ್ಮ ಮುಖ ತಮಗೆ ಕಾಣದಂತೆ ಇಟ್ಟ ದೇವರ ಬುದ್ಧಿವಂತಿಕೆಗೆ ಎಷ್ಟು ದೀಪ ಹಚ್ಚಿದರೂ ಕಡಿಮೆ!

ಆ ಗೆಲುವಿನಲ್ಲೇ ಐದನೆಯ ಹಾಡು ಕೇಳಿದೆ. ಅದು ಬ್ಲೂಸು. ಗಿಟಾರಿನ ಅಳುವಿನ ನಡುವೆ ಹಕ್ಕಿಮರಿಯಂಥ ಸಪೂರ ಸ್ವರವೊಂದು ಯಾರೋ ಸೊಸೆಯ ಮೇಲೆ ದೂರು ಹೇಳುತ್ತಿತ್ತು: “ಬಾಗ್ಲ್ ಹಾಯ್ಕಂಡ್ ಅರ್ಧ ಗಂಟಿ ಮಾತಾಡ್ತ್ಳ್. ಹೊರಗೆ ಹಾಲ್ ಉಕ್ಕಿ ಒಲಿ ಮೀತ್ತ್. ಹೇಳೂಕ್ ಹೋದ್ರೆ ಮೋರೆ ಉಬ್ಬುತ್ತ್.”

ನನಗೆ ಎಲ್ಲ ತಿಳಿದುಹೋಯಿತು. ಆ ಸೊಸೆಯದು ತವರಿಗೆ ಫೋನು, ಇನ್ನೇನು? “ಈಗಿನ ಸೊಸೆಯಂದಿರೇ ಹೀಗೆ, ಮೊಬೈಲ್ ಹಿಡಿದರೆ ಲೋಕವೇ ಬೇಡ. ಪಾಪ ಆ ಅತ್ತೆ!” ಎಂದು ಗಟ್ಟಿಯಾಗಿಯೇ ಹೇಳಿದೆ. ಸುಧಾಕರ ಗಿಟಾರಿನ ತಂತಿ ಒರೆಸತೊಡಗಿದ. ನಮ್ಮವರು ಇಷ್ಟು ತಿಂಗಳು ತಡೆದಿಟ್ಟ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಚಾ ಸುಟ್ಟಿರಬೇಕು ಎಂದುಕೊಂಡೆ.

ಬೈಂದೂರಿನಲ್ಲಿ ಬಿಡುಗಡೆಯೂ ಆಯಿತು. ಮುಖ್ಯ ಅತಿಥಿಗಳು ಒಂದು ಹಾಡೂ ಕೇಳದೆ ಮುಕ್ಕಾಲು ಗಂಟೆ ಹೊಗಳಿ, ಊಟಕ್ಕೆ ನಿಲ್ಲದೆ ಹೋದರು. ಉಳಿದ ಸಿ.ಡಿ.ಗಳು ಈಗ ಬಿಜೂರಿನ ಗದ್ದೆಗಳಲ್ಲಿ ಹಕ್ಕಿ ಓಡಿಸುತ್ತಿವೆ. ಹಕ್ಕಿಗಳೂ ಮುಖ್ಯ ಅತಿಥಿಗಳ ಹಾಗೆಯೇ, ಕೇಳುವ ಮೊದಲೇ ಹಾರಿಹೋಗುತ್ತವೆ. ನನಗೆ ನನ್ನ ದೇವರ ಕೋಣೆ ವಾಪಸು ಸಿಕ್ಕಿತು.

ಮೊನ್ನೆ ಸಂಜೆ ದೀಪ ಹಚ್ಚಿ, ಬಾಗಿಲು ಹಾಕಿ, ನೆಮ್ಮದಿಯಿಂದ ಪಟ್ಟಿ ಒಪ್ಪಿಸುತ್ತಿದ್ದೆ. ಅತ್ತೆಗೆ ಗೊತ್ತಾಗಲಿಲ್ಲವಲ್ಲ ಸ್ವಾಮೀ, ಈ ವರ್ಷದ ದೊಡ್ಡ ದಯೆ ಅದು ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು.

“ಹೆಣೇ, ಹಾಲ್ ಉಕ್ತ್!”

ಎದ್ದವಳು ಬಾಗಿಲ ಚಿಲಕಕ್ಕೆ ಕೈಯಿಟ್ಟು ಹಾಗೆಯೇ ನಿಂತೆ. ಮುಚ್ಚಿದ ಬಾಗಿಲು. ಅರ್ಧ ಗಂಟೆ. ಹಾಲು. ಬೆಳಿಗ್ಗೆ ಅತ್ತೆಯ ಪೂಜೆಯ ಹೊತ್ತಿಗೂ ಮೈಕ್ ಆರಿರಲಿಲ್ಲ. ಐದನೆಯ ಹಾಡಿನ ಗಿಟಾರು ನನ್ನ ಕಿವಿಯಲ್ಲಿ ಕುಯ್ಯೋ ಎಂದು ಅಳಲು ಶುರುಮಾಡಿತು.

ಒಲೆ ಒರೆಸಿದೆ. ತಳದಲ್ಲಿ ಉಳಿದ ಹಾಲಿಗೆ ಚಾ ಮಾಡಿ ತಂದುಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು, ನನ್ನ ಮುಖವನ್ನೇ ನೋಡುತ್ತ, “ತಣ್ಣಗೂ ಇಲ್ಲ, ಸುಡುದೂ ಇಲ್ಲ. ನಡೂಗಿನ್ ಬಿಸಿ ಸಿಕ್ತ್ ಕಾಣ್ ನಿಂಗೆ” ಎಂದರು.

ಇದನ್ನು ದಯೆಗಳ ಪಟ್ಟಿಗೆ ಸೇರಿಸುವುದೋ ಬೇಡವೋ ಎಂದು ದೇವರನ್ನು ಕೇಳಬೇಕಾಗಿದೆ. ಈ ಸಲ ಮನಸ್ಸಿನಲ್ಲೇ ಕೇಳುತ್ತೇನೆ.